ಉಸಿರಾಟದ ಪಾಠವೂ ನೈಟ್ ಡ್ಯೂಟಿಯ ಲೆಕ್ಕವೂ

ಮೇ 12 ಹತ್ತಿರ ಬಂತೆಂದರೆ ನಮ್ಮ ಆಸ್ಪತ್ರೆಗಳಿಗೆ ನರ್ಸ್‌ಗಳ ಮನಸ್ಸಿನ ನೆನಪಾಗುತ್ತದೆ. ನೈಟಿಂಗೇಲ್ ಹುಟ್ಟುಹಬ್ಬಕ್ಕೆ ಮೇಣದಬತ್ತಿ, ಗುಲಾಬಿ, ಕೇಕು ಮೊದಲಿನಿಂದಲೂ ಇದ್ದವು. ಈಚೆಗೆ ‘ಒತ್ತಡ ನಿರ್ವಹಣೆ’ ಕಾರ್ಯಾಗಾರವೂ ಸೇರಿಕೊಂಡಿದೆ. ಪರದೆಯ ಮೇಲೆ ಸೂರ್ಯೋದಯ, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂಬ ಸೂಚನೆ. ಡೇ ಡ್ಯೂಟಿಯವರನ್ನು ವಾರ್ಡಿನಿಂದ ಬಿಡುವಂತಿಲ್ಲ. ಹಾಗಾಗಿ ಕುರ್ಚಿ ತುಂಬಿಸಲು ನೈಟ್ ಮುಗಿಸಿದವರನ್ನೇ ಕರೆತಂದು ಕೂರಿಸುತ್ತಾರೆ. ಕಣ್ಣು ಮುಚ್ಚಿ ಎಂದದ್ದೇ ತಡ, ಹಿಂದಿನ ಸಾಲುಗಳು ನಿದ್ದೆಗೆ ಜಾರುತ್ತವೆ. ಕಾರ್ಯಾಗಾರದಿಂದ ಆಗುವ ಖಾತ್ರಿ ಉಪಕಾರ ಅದೊಂದೇ ಇರಬಹುದು.

ಧ್ಯಾನದಿಂದ ಮನಸ್ಸು ತುಸು ಹಗುರಾಗುತ್ತದೆ ಎನ್ನುವುದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ರೋಗ ಎಲ್ಲಿದೆ ಎಂದು ಇವರು ತೋರಿಸುವ ಜಾಗದ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದ ಒತ್ತಡದಿಂದ ಬರುವ ಬಳಲಿಕೆಯನ್ನು, ಕಾಯಿಲೆಗಳ ಪಟ್ಟಿಗೆ ಸೇರಿಸದೆ, ಉದ್ಯೋಗಕ್ಕೆ ಅಂಟಿಕೊಂಡ ಸ್ಥಿತಿ ಎಂದಷ್ಟೇ ಹೇಳಿದೆ. ಅದನ್ನು ಅಳೆಯುವ 22 ಪ್ರಶ್ನೆಗಳ ಮಾಪಕವನ್ನು 1981ರಲ್ಲಿ ಸೂಸನ್ ಜಾಕ್ಸನ್ ಜೊತೆ ರೂಪಿಸಿದ ಕ್ರಿಸ್ಟಿನಾ ಮ್ಯಾಸ್ಲಾಕ್ ಕೂಡ ಕೆಲಸದ ಹೊರೆ, ಮನ್ನಣೆ, ನ್ಯಾಯ ಇವುಗಳನ್ನು ಮೊದಲು ನೋಡಿ ಎನ್ನುತ್ತಲೇ ಬಂದವರು. ಕಾರ್ಯಾಗಾರ ಮಾತ್ರ ನರ್ಸಿನ ಸ್ವಭಾವದಲ್ಲೇ ದೋಷ ಹುಡುಕುತ್ತದೆ. ನಗುತ್ತಿರಿ, ಮನೆಯ ಚಿಂತೆ ವಾರ್ಡಿಗೆ ತರಬೇಡಿ ಎಂಬ ಉಪದೇಶ ಬೇರೆ.

ಡ್ಯೂಟಿ ಪಟ್ಟಿಯನ್ನು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಉಳಿದ ಕಡೆ ಐವರಿಗೆ ಒಬ್ಬರು ನರ್ಸ್ ಬೇಕು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಇದನ್ನೇ ಒಟ್ಟು ನೇಮಕಾತಿಯ ಲೆಕ್ಕವಾಗಿ ಓದಿಕೊಂಡರೆ 30 ಹಾಸಿಗೆಯ ವಾರ್ಡಿಗೆ ಆರು ಜನ ಸಾಕು. ವಾರಕ್ಕೊಂದು ಆಫ್ ಕಳೆದರೆ ಆರು ಜನರಿಂದ ಸಿಗುವುದು 36 ಪಾಳಿ. ವಾರ್ಡಿಗೆ ವಾರದಲ್ಲಿ ತುಂಬಬೇಕಾದ ಪಾಳಿಗಳು 21. ಅಂದರೆ ಪಾಳಿಗೆ ಇಬ್ಬರೂ ಪೂರ್ತಿ ಸಿಗರು. ಬೆಳಿಗ್ಗೆ ರೌಂಡ್ಸ್ ಇರುವುದರಿಂದ ಅಲ್ಲಿ ಹೆಚ್ಚು ಜನ ಬೇಕು, ಹಾಗಾಗಿ ಕೊರತೆಯೆಲ್ಲ ರಾತ್ರಿಗೆ ಬೀಳುತ್ತದೆ. ರಜೆಗೆಂದು ಶೇಕಡ 30ರಷ್ಟು ಹೆಚ್ಚುವರಿ ನರ್ಸ್‌ಗಳಿರಬೇಕು ಎಂಬ ಸಾಲೂ ಮಾನದಂಡದಲ್ಲಿದೆ; ಅದನ್ನು ಕಡತದಿಂದ ಹೊರಗೆ ತೆಗೆಯುವ ಉತ್ಸಾಹ ಕಾಣುವುದು ಅಪರೂಪ. ಒಬ್ಬರ ಮಗುವಿಗೆ ಜ್ವರ ಬಂದರೆ ಇನ್ನೊಬ್ಬರಿಗೆ ಡಬಲ್ ಡ್ಯೂಟಿ.

ರಾತ್ರಿ ಎರಡು ಗಂಟೆಗೆ ಆ ಒಬ್ಬ ಸಿಸ್ಟರ್ ಮುಂದೆ ಏನಿರುತ್ತದೆ? ಏಳನೇ ಹಾಸಿಗೆಯ ಡ್ರಿಪ್ ಮುಗಿದಿದೆ. ಹದಿನೆಂಟರ ಅಜ್ಜ ಕ್ಯಾನುಲಾ ಕಿತ್ತುಕೊಂಡಿದ್ದಾರೆ. ಕ್ಯಾಶುವಾಲಿಟಿಯಿಂದ ಹೊಸ ಅಡ್ಮಿಷನ್ ಸ್ಟ್ರೆಚರ್ ಮೇಲೆ ಬಂದು ನಿಂತಿದೆ. ‘ಎಷ್ಟು ಸಲ ಕರೀಬೇಕ್ರೀ ಸಿಸ್ಟರ್’ ಎಂದು ರೋಗಿಯ ಕಡೆಯವರೊಬ್ಬರು ಜೋರು ಮಾಡುತ್ತಿದ್ದಾರೆ. ಬಿಪಿ, ಟೆಂಪರೇಚರ್ ಚಾರ್ಟಿಗೊಮ್ಮೆ, ನರ್ಸಸ್ ನೋಟ್ಸಿಗೊಮ್ಮೆ ಬರೆಯಬೇಕು. ಬೆಳಿಗ್ಗೆ ಹ್ಯಾಂಡೋವರ್ ಕೊಟ್ಟ ಮೇಲೂ ಉಳಿದ ಬರಹ ಮುಗಿಸಿಯೇ ಮನೆಗೆ ಹೋಗಬೇಕು. ಆ ಹೊತ್ತಿಗೆ ಓವರ್‌ಟೈಮ್ ಕೇಳಿದರೆ ‘ಕೆಲಸ ನಿಧಾನ’ ಎಂಬ ಬಿರುದು.

ಈ ಲೆಕ್ಕಕ್ಕೂ ಜೀವಕ್ಕೂ ಇರುವ ನಂಟನ್ನು ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲೇ ತೋರಿಸಿದ್ದಾರೆ. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಅಧ್ಯಯನವದು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಬರ್ನ್‌ಔಟ್ ಸಂಭವ ಶೇಕಡ 23ರಷ್ಟು, ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇಕಡ 7ರಷ್ಟು ಏರಿತ್ತು. ಒಂದು ಕಾಲದ, ಒಂದು ರಾಜ್ಯದ ಅಂಕಿ, ನಿಜ. ಇದರಿಂದಷ್ಟೇ ಕಾರ್ಯಕಾರಣ ಸಾಬೀತಾಗುವುದಿಲ್ಲ ಎನ್ನುವುದೂ ನಿಜ. ಆದರೂ ಉಸಿರಾಟದ ಪಾಠದ ಪರವಾಗಿ ಇಷ್ಟು ಗಟ್ಟಿಯಾದುದನ್ನು ನಾನು ಕಂಡಿಲ್ಲ.

ಈ ಹೊರೆಗೆ ಮಿತಿ ಹಾಕಲು ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿತು. ಈಗ ಅಲ್ಲಿ ಸಾಮಾನ್ಯ ವಾರ್ಡಿನಲ್ಲಿ ನರ್ಸ್ ಒಬ್ಬರಿಗೆ ಐವರಿಗಿಂತ, ಐಸಿಯುನಲ್ಲಿ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ವಹಿಸುವಂತಿಲ್ಲ. ಅದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದು ಸಣ್ಣ ಕಟ್ಟಳೆ: ಮಿತಿ ಊಟದ ಬಿಡುವಿಗೂ ಅನ್ವಯ. ನರ್ಸ್ ತಿನ್ನಲು ಎದ್ದರೆ ಆ ರೋಗಿಗಳನ್ನು ನೋಡಲು ಬೇರೊಬ್ಬರು ಬರಲೇಬೇಕು. ನಮ್ಮಲ್ಲಿ ಬದಲಿಯಿಲ್ಲದೆ ಎದ್ದರೆ ವಾರ್ಡು ಖಾಲಿ. ಏಳದಿದ್ದರೆ ಹೊಟ್ಟೆ ಖಾಲಿ.

ಆಡಳಿತ ಮಂಡಳಿಗಳಿಗೆ ಕಾರ್ಯಾಗಾರ ಯಾಕೆ ಇಷ್ಟ ಎನ್ನುವುದು ಗುಟ್ಟೇನಲ್ಲ. ಉಪನ್ಯಾಸಕರ ಗೌರವಧನ ಒಂದು ಮಧ್ಯಾಹ್ನದ ಖರ್ಚು, ವಾರ್ಡಿಗೆ ಇನ್ನಿಬ್ಬರ ನೇಮಕ ಪ್ರತಿ ತಿಂಗಳ ಸಂಬಳ. ಮುಂದಿನ ಮೇ ತಿಂಗಳಲ್ಲಿ ಸಭೆ ಕರೆಯುವುದೇ ಆದರೆ ನರ್ಸಿಂಗ್ ಸೂಪರಿಂಟೆಂಡೆಂಟರೂ ಲೆಕ್ಕಪತ್ರದವರೂ ಹಿಂದಿನ ತಿಂಗಳ ನೈಟ್ ಡ್ಯೂಟಿ ಪಟ್ಟಿಯನ್ನು, ಅದರ ಪಕ್ಕದಲ್ಲೇ ಪ್ರತಿ ರಾತ್ರಿ ವಾರ್ಡಿನಲ್ಲಿದ್ದ ರೋಗಿಗಳ ಸಂಖ್ಯೆಯನ್ನು ಬರೆದು ತರಲಿ.