ಕ್ಯಾಮರಾದ ಎತ್ತರ: ಜಹೀರಾಬಾದಿನ ಮಹಿಳೆಯರ ದೃಶ್ಯಮೀಮಾಂಸೆ

ಹೈದರಾಬಾದಿನ ಛಾಯಾಗ್ರಹಣದ ಚರ್ಚೆ ವಾಡಿಕೆಯಂತೆ ಆರನೆಯ ನಿಜಾಮನ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳರಿಂದ ಆರಂಭವಾಗುತ್ತದೆ. 1892ರಲ್ಲಿ ಅವರು ಪರದೆಯ ಮಹಿಳೆಯರಿಗಾಗಿ ಇಲ್ಲಿ ಜನಾನಾ ಸ್ಟುಡಿಯೋ ತೆರೆದು, ಅದನ್ನು ಆಂಗ್ಲ ಮಹಿಳೆಯೊಬ್ಬರಿಗೆ ವಹಿಸಿದರು. ಕ್ಯಾಮರಾದ ಹಿಂದೆಯೂ ಮುಂದೆಯೂ ಹೆಣ್ಣೇ ಇದ್ದಳು, ನಿಜ. ಆದರೆ ಆ ಬಾಗಿಲು ತೆರೆದದ್ದು ಅಂತಸ್ತುಳ್ಳವರಿಗೆ.

ಒಂದು ಶತಮಾನದ ತರುವಾಯ ನೋಟದ ಸ್ವಾತಂತ್ರ್ಯದ ಪ್ರಶ್ನೆಯನ್ನು ಬೇರೆ ನೆಲೆಯಿಂದ ಎತ್ತಿದವರು ಜಹೀರಾಬಾದ್ ಸೀಮೆಯ ದಲಿತ ಮಹಿಳೆಯರು, ಅವರಲ್ಲಿ ಅನೇಕರು ಅಕ್ಷರ ಕಲಿಯದವರು. 1956ರವರೆಗೆ ಬೀದರ ಜಿಲ್ಲೆಗೆ ಸೇರಿದ್ದ ಈ ಸೀಮೆ ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಇವರಿಗೆ ವಿಡಿಯೋ ಕಲಿಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರು ಮೂಲದ ಪಿ.ವಿ. ಸತೀಶ್ (ನಿಧನ 2023). ಅವರು ಮೊದಲು ದೂರದರ್ಶನದ ನಿರ್ಮಾಪಕರಾಗಿದ್ದವರು.

ಕಲಿಕೆಯ ಹಂತದಲ್ಲಿ ಈ ಮಹಿಳೆಯರು ಕ್ಯಾಮರಾದ ಕೋನಗಳಿಗೆ ತಾವೇ ಹೆಸರಿಟ್ಟರು. ಮೇಲಿನಿಂದ ಕೆಳಕ್ಕೆ ನೋಡುವುದು ಪಟೇಲನ ಶಾಟ್. ಕೆಳಗಿನಿಂದ ಮೇಲಕ್ಕೆ ನೋಡುವುದು ಜೀತದಾಳಿನ ಶಾಟ್. ಕಣ್ಣಿನ ಮಟ್ಟದ್ದು ಸಂಘದ ಶಾಟ್, ಏಕೆಂದರೆ ಸಂಘದಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ಕೂರುತ್ತಾರೆ. ಇದನ್ನು ತರಬೇತಿಯ ಒಂದು ಸ್ವಾರಸ್ಯವೆಂದು ಉಲ್ಲೇಖಿಸಿ ಮುಂದೆ ಸಾಗುವುದು ಸರಿಯಲ್ಲ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು, 1976ರಲ್ಲಿ ಜೀತಪದ್ಧತಿ ಶಾಸನದಿಂದ ರದ್ದಾಯಿತು. ಹಾಗಿದ್ದೂ ಪಟೇಲ, ಜೀತದಾಳು ಎಂಬ ಪದಗಳು ಇವರಿಗೆ ನೋಟದ ಅಳತೆಗೋಲುಗಳಾಗಿ ಒದಗಿದವು. ಪಟೇಲ ಜಗಲಿಯ ಮೇಲೆ ಕುಳಿತಿದ್ದರೆ ಸಂಘದ ಶಾಟ್ ತೆಗೆಯಲು ಈಕೆ ಜಗಲಿ ಹತ್ತಬೇಕು, ಇಲ್ಲವೆ ಆತ ಇಳಿಯಬೇಕು.

ಓದದವರಲ್ಲಿಯೂ ಕಾವ್ಯಪರಿಣತಿಯುಂಟೆಂದು ರಾಷ್ಟ್ರಕೂಟ ಕಾಲದ ಕವಿರಾಜಮಾರ್ಗ ಉದಾರವಾಗಿ ಒಪ್ಪಿತು. ಆದರೆ ಲಕ್ಷಣಗಳನ್ನು ಹೆಸರಿಸುವ ಅಧಿಕಾರ ಪಂಡಿತರಲ್ಲಿಯೇ ಉಳಿಯಿತು. (ನಮ್ಮ ಅಲಂಕಾರಶಾಸ್ತ್ರದ ಪಾಠಗಳಲ್ಲಿ ಇಂದಿಗೂ ಅಲ್ಲಿಯೇ ಇದೆ.) ಜಹೀರಾಬಾದಿನವರು ಪಡೆದುಕೊಂಡದ್ದು ಆ ಅಧಿಕಾರವನ್ನು. ಉಪಕರಣ ಕೈಗೆ ಬಂದದ್ದಕ್ಕಿಂತ ಇದನ್ನು ನಾನು ದೊಡ್ಡದೆಂದು ಭಾವಿಸುತ್ತೇನೆ.

ಒಂದು ಆಕ್ಷೇಪವನ್ನು ಮಾತ್ರ ಬದಿಗಿಡಲಾಗದು. ಇವರ ಚಿತ್ರಗಳ ವಸ್ತು ಬಹುಮಟ್ಟಿಗೆ ಕಿರುಧಾನ್ಯ, ಬಿತ್ತನೆ ಬೀಜ, ವಾರಂಗಲ್ಲಿನ ಬಿಟಿ ಹತ್ತಿ. ಇವು ಸೊಸೈಟಿಯ ಹೋರಾಟದ ವಸ್ತುಗಳೂ ಹೌದು. ಇದನ್ನು ಕೇವಲ ಪ್ರಚಾರವೆನ್ನುವುದು ಅನ್ಯಾಯ, ಏಕೆಂದರೆ ಆ ಬೀಜ, ಆ ಹೊಲ ಅವರವೇ. ಆದರೂ ಸಂಘದ ಶಾಟ್ ಸಂಘದ ಒಳಗಿನ ಭಿನ್ನಮತದ ಕಡೆಗೆ, ಅದನ್ನು ಕಲಿಸಿದ ಸಂಸ್ಥೆಯ ಕಡೆಗೆ ತಿರುಗಿದಾಗ ಕ್ಯಾಮರಾ ಯಾವ ಎತ್ತರದಲ್ಲಿ ನಿಲ್ಲುತ್ತದೆ ಎಂಬುದನ್ನು ಈ ಚಿತ್ರಗಳ ವಿಮರ್ಶೆ ಕೇಳಲೇಬೇಕು.