ಐದು ನಿಮಿಷದ ನೆನಪು

ಎಸ್.ಪಿ. ರಸ್ತೆಯಲ್ಲಿ ಎಂಟು ಪೋರ್ಟಿನ ಹಳೆಯ ಮ್ಯಾನೇಜ್ಡ್ ಸ್ವಿಚ್ಚೊಂದನ್ನು ಚೌಕಾಸಿ ಮಾಡಿ ತಂದೆ. ಮನೆಯಲ್ಲಿ ಆಗಲೇ ಮೂರಿವೆ. ನಾಲ್ಕನೆಯದು ಯಾಕೆ ಎಂದು ಕೇಳಿದವರಿಗೆ, ಇದರ ವಿಳಾಸದ ಪಟ್ಟಿಯನ್ನು ಕಣ್ಣಾರೆ ನೋಡಬಹುದು ಎಂದೆ. ಅದೂ ಒಂದು ಕಾರಣವೇ ಎಂಬಂತೆ ನೋಡಿದರು. ನನಗಂತೂ ಅದೇ ಕಾರಣ.

ಅಗ್ಗದ ಸ್ವಿಚ್ಚೂ ಇದೇ ಕೆಲಸ ಮಾಡುತ್ತದೆ, ಪಟ್ಟಿ ತೋರಿಸುವುದಿಲ್ಲ ಅಷ್ಟೆ. ಕರೆಂಟು ಬಂದ ಗಳಿಗೆಯಲ್ಲಿ ಅದಕ್ಕೆ ಯಾರ ಗುರುತೂ ಇಲ್ಲ. ಯಾರನ್ನೂ ವಿಚಾರಿಸುವುದೂ ಇಲ್ಲ. ಮೂರನೇ ಪೋರ್ಟಿನಿಂದ ಒಂದು ಫ್ರೇಮ್ ಬಂತೆನ್ನಿ. ಅದರ ಮೊದಲ ಆರು ಬೈಟುಗಳಲ್ಲಿ ಯಾರಿಗೆ ಎಂದಿರುತ್ತದೆ, ಮುಂದಿನ ಆರರಲ್ಲಿ ಯಾರಿಂದ ಎಂದು. ಸ್ವಿಚ್ಚು ಕಳಿಸಿದವರ ವಿಳಾಸವನ್ನು ಓದಿ, ಇವರು ಮೂರನೇ ಬಾಗಿಲಲ್ಲಿದ್ದಾರೆ ಎಂದು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಯಾರಿಗೆ ಹೋಗಬೇಕೋ ಅವರನ್ನು ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕರೆ ಆ ಪೋರ್ಟಿಗೆ ಮಾತ್ರ ರವಾನೆ. ಸಿಗದಿದ್ದರೆ ಬಂದ ಬಾಗಿಲೊಂದನ್ನು ಬಿಟ್ಟು ಉಳಿದ ಎಲ್ಲಕ್ಕೂ ಒಂದೊಂದು ಪ್ರತಿ. ಇದು ಫ್ಲಡಿಂಗ್. ಬೇಕಾದವರು ಉತ್ತರ ಕೊಟ್ಟೇ ಕೊಡುತ್ತಾರೆ, ಕೊಟ್ಟ ಕೂಡಲೇ ಅವರ ಬಾಗಿಲೂ ಗೊತ್ತಾಗುತ್ತದೆ ಎಂಬ ಭರವಸೆ ಅದಕ್ಕೆ.

ವಠಾರದ ಜಗಲಿಯಲ್ಲಿ ಕೂತ ಅಜ್ಜಿಯೂ ಹೀಗೇ. ಯಾರ ದನಿ ಯಾವ ಮನೆಯಿಂದ ಬಂತು ಎಂಬುದರಲ್ಲೇ ಅವರ ಲೆಕ್ಕ. ಬಾಯಿ ಬಿಡದ ಬಾಡಿಗೆದಾರ ಮಾತ್ರ ಆ ಲೆಕ್ಕಕ್ಕೆ ಸಿಗುವುದಿಲ್ಲ.

ಇದಕ್ಕೆ ಮುಂಚಿನ ಹಬ್‌ಗೆ ಲೆಕ್ಕವೇ ಇರಲಿಲ್ಲ. ಬಂದದ್ದನ್ನು ಎಲ್ಲರಿಗೂ ಒದರುವುದೊಂದೇ ಗೊತ್ತು. ಕೇಳಿಸಿಕೊಂಡು ಕಲಿಯುವ, ಸ್ವಿಚ್ಚಿನ ಪೂರ್ವಜನಾದ ಬ್ರಿಡ್ಜ್‌ನ ಉಪಾಯ 1980ರ ದಶಕದ ಆರಂಭದಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರ್ಕ್ ಕೆಂಪ್ಫ್ ಅವರದು. ಆದರೆ ಈಥರ್ನೆಟ್ ಫ್ರೇಮಿಗೆ ಆಯುಸ್ಸಿನ ಎಣಿಕೆಯಿಲ್ಲ. ತಂತಿಗಳು ಸುತ್ತಿಕೊಂಡು ಉಂಗುರವಾದರೆ ಅದು ಸುತ್ತುತ್ತಲೇ ಇರುತ್ತದೆ. ಆ ಉಂಗುರವನ್ನು ತಾನಾಗಿ ಮುರಿಯುವ ಸ್ಪ್ಯಾನಿಂಗ್ ಟ್ರೀಯನ್ನು 1985ರಲ್ಲಿ ಕೊಟ್ಟವರು ಅದೇ ಕಂಪನಿಯ ರಾಡಿಯಾ ಪರ್ಲ್‌ಮನ್. ಇನ್ನು 1990ರಲ್ಲಿ ಏಳು ಪೋರ್ಟುಗಳ ಈಥರ್‌ಸ್ವಿಚ್ ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ಕಲ್ಪನಾ! ಸ್ಥಾಪಕರಲ್ಲಿ ಒಬ್ಬರು ವಿನೋದ್ ಭಾರದ್ವಾಜ್. ಅವರ ಪೆಟ್ಟಿಗೆ ಪೂರ್ತಿ ಫ್ರೇಮಿಗಾಗಿ ಕಾಯುತ್ತಿರಲಿಲ್ಲ. ಮೊದಲ ಆರು ಬೈಟು ಓದಿ, ಬಾಲ ಇನ್ನೂ ಒಳಗೆ ಬರುತ್ತಿರುವಾಗಲೇ ತಲೆಯನ್ನು ಆಚೆ ಕಳಿಸುತ್ತಿತ್ತು. ವಿಳಾಸ ಮುಂದೆಯೇ ಇರುವುದರ ಪ್ರಯೋಜನ ನೋಡಿ. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡಿತು.

ಪಟ್ಟಿ ಓದುವುದು ನನಗೆ ಪಂಚಾಂಗ ಓದಿದ ಹಾಗೆ. ವಿಳಾಸ 48 ಬಿಟ್ಟಿನದು. ಮೊದಲ 24 ತಯಾರಕರ ಕುಲಗೋತ್ರ. ಬಿ8:27:ಇಬಿ ಎಂದು ಶುರುವಾದರೆ ಹಳೆಯ ರಾಸ್ಪ್‌ಬೆರಿ ಪೈ. ಎರಡನೇ ಅಕ್ಷರ 2, 6, ಎ, ಇ ಈ ನಾಲ್ಕರಲ್ಲಿ ಒಂದಾಗಿದ್ದರೆ ಅದು ಕಾರ್ಖಾನೆ ಕೊಟ್ಟ ವಿಳಾಸವಲ್ಲ. ಈಗಿನ ಮೊಬೈಲುಗಳು ವೈಫೈಗೆ ಬರುವಾಗ ಹಾಕಿಕೊಳ್ಳುವ ಮುಖವಾಡ ಬಹುತೇಕ ಹೀಗೇ ಇರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಹೊಸ ಸ್ವಿಚ್ಚು ನನ್ನನ್ನು ಮೂರು ಸಂಜೆ ಆಟವಾಡಿಸಿತು. ಒಂದನೇ ಪೋರ್ಟಿನಲ್ಲಿ ರೌಟರ್, ಏಳರಲ್ಲಿ ಒಂದು ಪೈ. ರೌಟರ್ ತನ್ನ ದಿನಚರಿಯನ್ನು ಸಾಲುಸಾಲಾಗಿ ಪೈಗೆ ಕಳಿಸುತ್ತದೆ, ಪೈ ಬರೆದಿಡುತ್ತದೆ. ಅಂದರೆ ಮಿನುಗಬೇಕಾದ್ದು ಎರಡೇ ದೀಪ. ಮಿನುಗುತ್ತಿದ್ದದ್ದು ತಂತಿಯಿದ್ದ ಎಲ್ಲವೂ, ತಾಳ ಹಾಕಿದಂತೆ ಒಟ್ಟಿಗೆ. ಪೈಗೆ ಏನಾಗಿದೆ ನೋಡೋಣ ಎಂದು ಲಾಗಿನ್ ಆದೆ. ಉಳಿದ ದೀಪಗಳು ತೆಪ್ಪಗಾದವು. ಎಲ್ಲ ಸರಿಯಿದೆಯಲ್ಲ ಎಂದು ಹೊರಬಂದು ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ತಾಳ. ಡಾಕ್ಟರ ಮುಖ ಕಂಡೊಡನೆ ಜ್ವರ ಇಳಿಯುವ ರೋಗಿಯ ಹಾಗೆ. ತಂತಿ ಬದಲಿಸಿದೆ, ಪೋರ್ಟು ಬದಲಿಸಿದೆ, ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೂ ಆಯಿತು.

ಮೂರನೇ ಸಂಜೆ ಪಟ್ಟಿಯನ್ನೇ ತೆರೆದು ಗಡಿಯಾರ ಹಿಡಿದು ಕೂತೆ. ಪೈ ವಿಳಾಸ ಏಳನೇ ಪೋರ್ಟಿನ ಎದುರಿಗಿತ್ತು. ಐದು ನಿಮಿಷಕ್ಕೆ ಸರಿಯಾಗಿ ಮಾಯವಾಯಿತು, ದೀಪಗಳ ತಾಳ ಶುರುವಾಯಿತು. ಸ್ವಿಚ್ಚಿನ ನೆನಪು ರೂಢಿಯಲ್ಲಿ 300 ಸೆಕೆಂಡು. ಅಷ್ಟರೊಳಗೆ ಮಾತಾಡದವರ ಹೆಸರನ್ನು ಅದು ಒರೆಸಿಹಾಕುತ್ತದೆ. ನಿನ್ನೆ ಎರಡನೇ ಪೋರ್ಟಿನಲ್ಲಿದ್ದ ಲ್ಯಾಪ್‌ಟಾಪು ಇವತ್ತು ಮನೆಯಲ್ಲೇ ಇಲ್ಲದಿರಬಹುದು, ಆದ್ದರಿಂದ ಆ ಮರೆವು ಬೇಕೇ ಬೇಕು. ಆದರೆ ನನ್ನ ಪೈ ಮಹಾ ಮೌನಿ. ಅದಕ್ಕೆ ಬರುವುದೆಲ್ಲ ಯುಡಿಪಿ. ಮುಟ್ಟಿತು ಎಂದು ಉತ್ತರಿಸುವ ಪದ್ಧತಿ ಅಲ್ಲಿಲ್ಲ. ನಿನ್ನ ವಿಳಾಸವೇನು ಎಂದು ರೌಟರ್ ಆಗಾಗ ಕೇಳಿದ್ದರಾದರೂ ಬಾಯಿ ಬಿಡುತ್ತಿತ್ತು. ಆದರೆ ಅದು ಕೇಳುವುದೇ ಬೇಡವೆಂದು ಹಿಂದೊಮ್ಮೆ ನಾನೇ ಜಾಣತನ ಮಾಡಿ ರೌಟರಿನಲ್ಲಿ ಪೈ ವಿಳಾಸವನ್ನು ಕಾಯಂ ಬರೆದಿಟ್ಟಿದ್ದೆ. ಹೀಗಾಗಿ ಅರ್ಧ ಗಂಟೆಗೊಮ್ಮೆ ಟೈಮು ಸರಿಮಾಡಿಕೊಳ್ಳಲು ಆಡುವ ಮಾತೊಂದೇ ಅದರ ಮಾತು. ಆಮೇಲೆ ಐದು ನಿಮಿಷ ಶಾಂತಿ, ಉಳಿದಷ್ಟು ಹೊತ್ತೂ ರೌಟರಿನ ದಿನಚರಿ ಮನೆಯ ಎಲ್ಲ ತಂತಿಗಳಲ್ಲಿ ಬಹಿರಂಗ ವಾಚನ.

ಕಾಯಂ ನಮೂದನ್ನು ಅಳಿಸಿದ್ದರೆ ಸಾಕಿತ್ತು. ಅಳಿಸಲಿಲ್ಲ, ಅಲ್ಲಿ ನನ್ನ ಹಟ ಅಡ್ಡ ಬಂತು. ಬದಲಿಗೆ ಎರಡು ನಿಮಿಷಕ್ಕೊಮ್ಮೆ ರೌಟರನ್ನು ಒಂದು ಸಲ ಪಿಂಗ್ ಮಾಡು ಎಂದು ಪೈಗೆ ಕ್ರಾನ್‌ನಲ್ಲಿ ಒಂದು ಸಾಲು ಬರೆದೆ. ಈಗ ಏಳನೇ ಪೋರ್ಟಿನ ಎದುರಿಗಿರುವ ಆ ವಿಳಾಸದ ವಯಸ್ಸು 120 ಸೆಕೆಂಡು ಮುಟ್ಟುವುದರೊಳಗೆ ಮತ್ತೆ ಸೊನ್ನೆಗಿಳಿಯುತ್ತದೆ. ರಾತ್ರಿ ಊಟವಾದ ಮೇಲೆ ಒಂದೆರಡು ಸಲ ಅದು ಸೊನ್ನೆಗಿಳಿಯುವುದನ್ನು ನೋಡಿಯೇ ಮಲಗುತ್ತೇನೆ.