ಗಾಡಿ ತಳ್ಳಿಕೊಂಡು ಬಂದವರು

ನಿವೃತ್ತನಾದ ಮೇಲೆ ಮನುಷ್ಯ ಏನೇನೋ ಹಚ್ಚಿಕೊಳ್ಳುತ್ತಾನೆ. ನನ್ನ ಜೊತೆ ಬ್ಯಾಂಕಿನಿಂದ ರಿಟೈರ್ ಆದವರಲ್ಲಿ ಒಬ್ಬರು ಯೋಗಕ್ಕೆ ಹೋದರು, ಇನ್ನೊಬ್ಬರು ಷೇರುಪೇಟೆಗೆ. ನಾನು ಹೋದದ್ದು ಪ್ರಾಚೀನ ರೋಮಿಗೆ. ನಗಬೇಡಿ, ಹೇಳ್ತೀನಿ.

ಮುಲುಂಡ್‌ನಲ್ಲಿರುವ ನಮ್ಮ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಮಾತು ನಡೆದಿದೆ. ಅದಕ್ಕೆಂದು ಅಟ್ಟ ಖಾಲಿ ಮಾಡುವಾಗ ಮಗನ ಹಳೇ ಸಿ.ಡಿ.ಗಳ ಡಬ್ಬಿ ಸಿಕ್ಕಿತು. ಅವನು ಹೈಸ್ಕೂಲಿನಲ್ಲಿದ್ದಾಗ ಆಡುತ್ತಿದ್ದ ಕಂಪ್ಯೂಟರ್ ಆಟಗಳು. "ಊರು ಕಟ್ಟೋದು ಆಮೇಲೆ, ಮೊದಲು ಗಣಿತ ಮಾಡು" ಎಂದು ನಾನೇ ಎಷ್ಟು ಸಲ ಬೈದಿದ್ದೇನೋ! ಈಗಿನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ತುರುಕಲು ಜಾಗವೇ ಇಲ್ಲ. ಹೈದರಾಬಾದಿನಲ್ಲಿರುವ ಅವನಿಗೆ ಫೋನ್ ಮಾಡಿದೆ. "ಅಪ್ಪಾ, ಅವೆಲ್ಲ ಈಗ ಇಂಟರ್ನೆಟ್ಟಲ್ಲೇ ಸಿಗತ್ತೆ" ಅಂದವನು ಅಲ್ಲಿಂದಲೇ ಮೂರು ಆಟ ಹಾಕಿಕೊಟ್ಟ: 1989ರ ಸಿಮ್‌ಸಿಟಿ, 1998ರ ಸೀಸರ್ 3, 1990ರ ಮಂಕಿ ಐಲ್ಯಾಂಡ್. ಮೊದಲಿನ ಎರಡು ಊರು ಕಟ್ಟುವ ಆಟಗಳು, ಮೂರನೆಯದು ಸಾಹಸದ ಕಥೆ. ನಾಲ್ಕು ತಿಂಗಳು ಆಡಿದ ಮೇಲೆ, ನಾಲ್ಕು ದಶಕ ಪರಊರಿನಲ್ಲಿ ಬಾಳಿದವನ ಕಣ್ಣಿಗೆ ಇವು ಹೇಗೆ ಕಂಡವು ಎಂದು ಬರೆಯಬೇಕೆನ್ನಿಸಿತು.

ಸಿಮ್‌ಸಿಟಿಯನ್ನು ಮಾಡಿದವರು ಅಮೆರಿಕದ ವಿಲ್ ರೈಟ್. ಅದಕ್ಕೂ ಮೊದಲು ಅವರು ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕುವ ಒಂದು ಆಟ ಮಾಡಿದ್ದರು. ಆ ದ್ವೀಪಗಳಲ್ಲಿ ರಸ್ತೆ, ಕಾರ್ಖಾನೆ ಜೋಡಿಸುತ್ತ ಕೂತವರಿಗೆ ಕೆಡವುವುದಕ್ಕಿಂತ ಕಟ್ಟುವುದೇ ಹೆಚ್ಚು ಖುಷಿ ಕೊಟ್ಟಿತಂತೆ. ಗೆಲುವು ಸೋಲು ಎರಡೂ ಇಲ್ಲದ ಆಟವನ್ನು ಯಾರು ಕೊಂಡಾರು ಎಂದು ಪ್ರಕಾಶಕರು ಹಿಂಜರಿದರು. ಕೊನೆಗೆ ಅದೇ ಆಟ ಒಂದು ಪರಂಪರೆಯನ್ನೇ ಶುರುಮಾಡಿತು.

ಲೆಕ್ಕದ ಮನುಷ್ಯನಾದ ನನಗೆ ಇದು ಹಿಡಿಸಿತು. ತೆರಿಗೆ ಶೇಕಡಾ 7ರಿಂದ ಶುರು; 20ರವರೆಗೆ ಏರಿಸಬಹುದು. ಏರಿಸಿದಿರೋ, ಜನ ಜಾಗ ಖಾಲಿ ಮಾಡುತ್ತಾರೆ. ಒಂದು ಕಡೆ ಹಗ್ಗ ಎಳೆದರೆ ಇನ್ನೆಲ್ಲೋ ಗಂಟು ಬೀಳುತ್ತದೆ ಎಂಬುದನ್ನು ಎಂ.ಕಾಂ. ಪುಸ್ತಕಗಳಿಗಿಂತ ಚೆನ್ನಾಗಿ ಕಲಿಸುತ್ತದೆ. ಆದರೆ ತಕರಾರೂ ಇದೆ. ಇಲ್ಲಿ ಮನೆಗೊಂದು ವಲಯ, ಅಂಗಡಿಗೊಂದು, ಕಾರ್ಖಾನೆಗೊಂದು. ಕೆಳಗೆ ಕಿರಾಣಿ ಅಂಗಡಿ, ಮೇಲೆ ಸಂಸಾರ ಎಂಬ ನಮ್ಮ ಮುಂಬಯಿ ಕಟ್ಟಡ ಇದರಲ್ಲಿ ಹುಟ್ಟುವುದೇ ಇಲ್ಲ. ರಸ್ತೆಯ ಬದಲು ರೈಲು ಹಾಕಿದರೆ ದಟ್ಟಣೆಯೂ ಇಲ್ಲ, ಹೊಗೆಯೂ ಇಲ್ಲ! ಬೆಳಗಿನ ಎಂಟೂವರೆಯ ಲೋಕಲ್ಲಿನಲ್ಲಿ ಒಂದು ಕಾಲಿನ ಮೇಲೆ ನಿಂತು ನೌಕರಿ ಮುಗಿಸಿದವನಿಗೆ ನಗು ಬಾರದೆ ಇರುತ್ತದೆಯೇ? ಎಲ್ಲಕ್ಕಿಂತ ದೊಡ್ಡ ತಕರಾರೆಂದರೆ ಇಲ್ಲಿ ಜನರಿಲ್ಲ, ಜನಸಂಖ್ಯೆ ಇದೆ. ಅಂಕಿ ಏರಿದರೆ ಖುಷಿ, ಇಳಿದರೆ ಬೇಜಾರು. ಒಂದು ಡಾಲರಿಗೆ ಒಂದು ಚೌಕ ನೆಲಸಮ. ಅಲ್ಲಿದ್ದವರು ಎಲ್ಲಿ ಹೋದರು ಎಂದು ಆಟವೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಸೀಸರ್ 3 ಇದೇ ಜಾತಿಯ ಆಟವಾದರೂ ಒಂದು ಹೆಜ್ಜೆ ಮುಂದಿದೆ. ಇಂಪ್ರೆಷನ್ಸ್ ಎಂಬ ಕಂಪನಿ ಮಾಡಿದ್ದು. ನೀವು ರೋಮ್ ಸಾಮ್ರಾಜ್ಯದ ಒಂದು ಪ್ರಾಂತ್ಯದ ಅಧಿಕಾರಿ. ಖಾಲಿ ನಿವೇಶನ ಗುರುತು ಮಾಡಿದರೆ ಸಾಕು, ನಕ್ಷೆಯ ಅಂಚಿನಿಂದ ಒಬ್ಬ ಮನುಷ್ಯ ತನ್ನ ಸಾಮಾನನ್ನೆಲ್ಲ ಗಾಡಿಯಲ್ಲಿ ಹೇರಿಕೊಂಡು ನಡೆದು ಬರುತ್ತಾನೆ. ಅವನನ್ನು ಮೊದಲ ಸಲ ಕಂಡಾಗ ನಾನು ಮೌಸ್ ಬಿಟ್ಟು ಸುಮ್ಮನೆ ಕೂತೆ. 1984ರಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಸಾಗರದಿಂದ ಬಂದು ದಾದರಿನಲ್ಲಿ ಇಳಿದವನು ನಾನು.

ಬಂದವನು ಮೊದಲು ಡೇರೆ ಹಾಕುತ್ತಾನೆ. ನೀರು, ಮಾರುಕಟ್ಟೆ, ಶಾಲೆ ಸಿಕ್ಕ ಹಾಗೆಲ್ಲ ಡೇರೆ ಗುಡಿಸಲಾಗಿ, ಗುಡಿಸಲು ಮನೆಯಾಗಿ, ಮಹಡಿಯಾಗುತ್ತದೆ. ಮಾರುಕಟ್ಟೆಯ ಹೆಂಗಸು ಆ ಬೀದಿಗೆ ಬರುವುದು ನಿಂತರೆ ಮನೆ ಮತ್ತೆ ಕೆಳದರ್ಜೆಗೆ ಇಳಿಯುತ್ತದೆ. ಬೀದಿಯಲ್ಲಿ ಹೋಗುವವನ ಮೇಲೆ ಕ್ಲಿಕ್ ಮಾಡಿದರೆ ಹಸಿವು, ನಿರುದ್ಯೋಗ ಎಂದು ಗೊಣಗುತ್ತಾನೆ. ಲೆಕ್ಕದ ಪುಟದಲ್ಲಿ ಕಳೆದ ವರ್ಷ, ಈ ವರ್ಷ ಎಂದು ಎರಡು ಕಾಲಂ, ಥೇಟ್ ನಮ್ಮ ಬ್ಯಾಲೆನ್ಸ್ ಶೀಟಿನಂತೆ. 5,000 ದಿನಾರಿಯ ತನಕ ಸಾಲ ಮಾಡಬಹುದು. ತೀರಿಸದೆ ಕೂತರೆ ಸೀಸರ್ ನೋಟೀಸು ಕಳಿಸುವುದಿಲ್ಲ, ಸೈನ್ಯವನ್ನೇ ಕಳಿಸುತ್ತಾನೆ!

ಈ ಆಟದ ಬುದ್ಧಿವಂತಿಕೆ ಇರುವುದು ಒಂದು ನಿಯಮದಲ್ಲಿ. ಮನೆ ಬೆಳೆದು ಬಂಗಲೆಯಾದ ಕೂಡಲೇ ಅದರೊಳಗಿನವರು ಶ್ರೀಮಂತರಾಗಿ ಕೆಲಸ ಬಿಡುತ್ತಾರೆ. ಇಡೀ ಊರನ್ನು ಬಂಗಲೆ ಮಾಡಲು ಹೋಗಿ ನಾನು ಕೆಟ್ಟೆ. ಬೆಂಕಿ ಆರಿಸಲು ಜನವಿಲ್ಲ, ಕಟ್ಟಡ ಬೀಳದಂತೆ ನೋಡುವವರಿಲ್ಲ. ಚಂದದ ಊರು ಎರಡು ವರ್ಷದಲ್ಲಿ ಸುಟ್ಟು, ಕುಸಿದು ಹೋಯಿತು. ಡೇರೆಯವರಿಲ್ಲದೆ ಬಂಗಲೆಯವರು ಬದುಕಲಾರರು ಎಂದು ಭಾಷಣವಿಲ್ಲದೆ ಹೇಳುವ ಆಟ ಇದು. ಮನೆ ಕೆಡವಿದರೆ ಅದರಲ್ಲಿದ್ದವರು ರಸ್ತೆಗೆ ಬಂದು ಬೇರೆ ಜಾಗ ಹುಡುಕುವುದು ಕಣ್ಣಿಗೆ ಕಾಣುತ್ತದೆ. ಸಿಗದಿದ್ದರೆ ನಕ್ಷೆಯ ಅಂಚಿಗೆ ನಡೆದುಹೋಗುತ್ತಾರೆ. ಸಿಮ್‌ಸಿಟಿಯಲ್ಲಿ ಇಷ್ಟೂ ಕಾಣುವುದಿಲ್ಲ.

ಮಂಕಿ ಐಲ್ಯಾಂಡ್ ಮೇಲಿನಿಂದ ನೋಡುವ ಆಟವಲ್ಲ, ಬೀದಿಯಲ್ಲಿ ನಿಂತು ಆಡುವಂಥದು. ಇದರ ಮುಖ್ಯ ಕರ್ತೃ ರಾನ್ ಗಿಲ್ಬರ್ಟ್. ಗೈಬ್ರಷ್ ಎಂಬ ಪೆದ್ದು ಹುಡುಗ ಕಡಲ್ಗಳ್ಳನಾಗಬೇಕೆಂದು ಒಂದು ದ್ವೀಪಕ್ಕೆ ಬರುತ್ತಾನೆ. ಯಾರ ಗುರುತೂ ಇಲ್ಲ, ಎಲ್ಲರೂ ಅವನ ಹೆಸರು ಕೇಳಿಯೇ ನಗುವವರು. ಆ ಕಾಲದ ಎಷ್ಟೋ ಸಾಹಸದ ಆಟಗಳಲ್ಲಿ ಒಂದು ತಪ್ಪು ಹೆಜ್ಜೆ ಇಟ್ಟರೆ ಕಥಾನಾಯಕ ಸತ್ತು ಮೊದಲಿನಿಂದ ಶುರು ಮಾಡಬೇಕಿತ್ತು. ಗಿಲ್ಬರ್ಟ್ ಅದನ್ನು ಒಪ್ಪಲಿಲ್ಲ. ಇಲ್ಲಿ ತಪ್ಪಬಹುದು, ಸಾಯುವ ಭಯವಿಲ್ಲ.

ಕತ್ತಿವರಸೆಯ ಭಾಗವಂತೂ ಅಪೂರ್ವ. ಅಲ್ಲಿ ಗೆಲ್ಲುವುದು ಕತ್ತಿಯಿಂದಲ್ಲ, ಮಾತಿನಿಂದ. ಎದುರಾಳಿ ಹಂಗಿಸುತ್ತಾನೆ, ತಕ್ಕ ಉತ್ತರ ಗೊತ್ತಿಲ್ಲದಿದ್ದರೆ ಸೋಲು. ಆದರೆ ಸೋತಾಗ ಅವನ ಬೈಗುಳ ನಮ್ಮದಾಗುತ್ತದೆ. ಅದನ್ನು ಇನ್ನೊಬ್ಬನ ಮೇಲೆ ಪ್ರಯೋಗಿಸಿದರೆ ಉತ್ತರವೂ ಕಲಿತ ಹಾಗೆ. ನಾನು ಮರಾಠಿ ಕಲಿತದ್ದು ಹೀಗೇ. ಕೌಂಟರಿನಲ್ಲಿ ಕೂತ ಮೊದಲ ವಾರ ಒಬ್ಬ ಹೆಂಗಸು "ಪೈಸೆ ಭರಾಯ್ಚೇ ಆಹೇತ್" ಅಂದಳು. ದುಡ್ಡು 'ಬರ'ಬೇಕು ಅನ್ನುತ್ತಿದ್ದಾಳೆಂದು ನಾನು ವಿತ್‌ಡ್ರಾವಲ್ ಫಾರಂ ಕೊಟ್ಟೆ. ಆಕೆ ಕೇಳಿದ್ದು ದುಡ್ಡು ಕಟ್ಟಲಿಕ್ಕೆ! ಇಡೀ ಸಾಲು ನಕ್ಕಿತು. ಮರುದಿನದಿಂದ ಆ ಮಾತು ನನ್ನದಾಯಿತು.

ಹಾಗೆಂದು ಇದನ್ನೂ ಪೂರ್ತಿ ಹೊಗಳಲಾರೆ. 1991ರಲ್ಲಿ ಬಂದ ಇದರ ಎರಡನೇ ಭಾಗವನ್ನೂ ಆಡಿದೆ. ಅದರಲ್ಲಿ ಒಂದು ಪಂಪಿನ ತಿರುಪು ತಿರುಗಿಸಲು ಕೋತಿಯನ್ನೇ ಉಪಯೋಗಿಸಬೇಕು. ಯಾಕಂದರೆ ಅಮೆರಿಕದವರು ಒಂದು ಬಗೆಯ ಸ್ಪ್ಯಾನರಿಗೆ ಮಂಕಿ ರೆಂಚ್ ಅನ್ನುತ್ತಾರೆ. ಸ್ಪ್ಯಾನರ್ ಅನ್ನುವ ನಮಗೆ ಇದು ಹೊಳೆಯುವುದು ಹೇಗೆ? ಮೂರು ದಿನ ತಿಣುಕಾಡಿ ಕೊನೆಗೆ ಮಗನನ್ನು ಕೇಳಿದೆ. ಭಾಷೆ ಕಲಿಸಿಕೊಂಡು ಒಳಗೆ ಬಿಟ್ಟುಕೊಂಡ ಆಟವೇ ಇಲ್ಲಿ ಬಾಗಿಲು ಹಾಕಿತು. ಕಲಿಯಲು ಅವಕಾಶ ಕೊಟ್ಟ ಒಗಟು ಕಷ್ಟವಾದರೂ ನ್ಯಾಯ. ಮೊದಲೇ ಗೊತ್ತಿರಬೇಕು ಎನ್ನುವ ಒಗಟು ಅನ್ಯಾಯ.

ನನ್ನ ತೀರ್ಪು ಇಷ್ಟು. ಸಿಮ್‌ಸಿಟಿ ಊರನ್ನು ಅಧಿಕಾರಿಯ ಕುರ್ಚಿಯಿಂದ ತೋರಿಸುತ್ತದೆ, ಮಂಕಿ ಐಲ್ಯಾಂಡ್ ಹೊಸದಾಗಿ ಬಂದವನ ಕಣ್ಣಿನಿಂದ. ನಾನು ಎರಡೂ ಕಡೆ ಕೂತವನು. ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿದ್ದಾಗ ಟ್ರಂಕಿನ ಹುಡುಗ ನನಗೆ ಎಷ್ಟು ಸಲ ನೆನಪಾಗಿದ್ದ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಸೀಸರ್ 3 ಅಧಿಕಾರಿಯ ಕುರ್ಚಿಯಲ್ಲೇ ಕೂರಿಸಿ, ಗಾಡಿಯವನನ್ನು ಎದುರಿಗೆ ತಂದು ನಿಲ್ಲಿಸುತ್ತದೆ. ಅದಕ್ಕೇ ಮೂರರಲ್ಲಿ ಅದು ಮೇಲು.

ಬ್ಯಾಂಕಿನವನೆಂದು ನಮ್ಮ ಸೊಸೈಟಿಯವರು ನನ್ನನ್ನೇ ಖಜಾಂಚಿ ಮಾಡಿದ್ದಾರೆ. ಹೊಸ ಕಟ್ಟಡದ ಲೆಕ್ಕ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ: 24 ಫ್ಲಾಟು, 24 ಸಾಲು, ಪ್ರತಿ ಸಾಲಿಗೂ ಮೂರು ವರ್ಷದ ಬಾಡಿಗೆ. ಗೇಟಿನ ಪಕ್ಕ 20 ವರ್ಷಕ್ಕೂ ಮಿಕ್ಕಿ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡವನೊಬ್ಬನಿದ್ದಾನೆ, ಜೌನ್‌ಪುರದ ಕಡೆಯವನು. ಅವನು ಯಾವ ಸಾಲಿನಲ್ಲೂ ಇಲ್ಲ. ಮೊನ್ನೆ ಅಂಗಿ ಕೊಡುತ್ತ, "ಸಾಬ್, ಹಮ್ ಕಹಾಂ ಖಡೇ ಹೋಂಗೇ?" ಅಂದ. ನಿಲ್ಲೋದೆಲ್ಲಿ ಎಂಬ ಈ ಪ್ರಶ್ನೆಯನ್ನು ಅವನು ಕೇಳಿದ್ದು ಇದೇ ಮೊದಲಲ್ಲ. ನಾನು ನಿಂತು ಕೇಳಿಸಿಕೊಂಡದ್ದು ಮೊದಲು.

25ನೇ ಸಾಲು ಸೇರಿಸಿದ್ದೇನೆ. ಕಟ್ಟಡ ಏಳುವ ತನಕ ಅವನಿಗಿಷ್ಟು ದುಡ್ಡು, ಆಮೇಲೆ ಹೊಸ ಗೇಟಿನ ಪಕ್ಕ ಗಾಡಿಗೆ ಜಾಗ. "ಅವನು ಮೆಂಬರ್ ಅಲ್ಲವಲ್ಲ" ಎಂದು ಇಬ್ಬರು ಈಗಾಗಲೇ ಅಂದಿದ್ದಾರೆ. ಮುಂದಿನ ಭಾನುವಾರ ಸಭೆ. ತಕ್ಕ ಉತ್ತರ ಹೊಂದಿಸಿಕೊಳ್ಳುತ್ತ ಕೂತಿದ್ದೇನೆ.